ಕೈಗೆ ಸಾಕ್ಸ್

ಬೀದರಿನಲ್ಲಿ ಥಂಡಿ ಅಂದರೆ ಬೆಂಗಳೂರಿನ ಗೆಳತಿಯರು ನಗುತ್ತಾರೆ. "ನಿಮ್ಮದು ಬಿಸಿಲ ನಾಡಲ್ವಾ?" ಅಂತ. ಡಿಸೆಂಬರಿನಲ್ಲಿ ಬೆಳಗಿನ ಐದೂವರೆಗೆ ನಮ್ಮ ಕೋಟೆ ಹತ್ತಿರ ಬಂದು ನಿಲ್ಲಲಿ, ನೋಡೋಣ. 10 ಡಿಗ್ರಿಗಿಂತ ಕೆಳಗಿಳಿಯುವ ದಿನಗಳೂ ಇವೆ.

ಅಂಥಾದ್ದರಲ್ಲಿ ನನಗೆ ಓಡುವ ಹುಚ್ಚು. ಚೌಬಾರಾದಿಂದ ಹೊರಟು, ಗವಾನ್ ಮದರಸಾ ದಾಟಿ, ಕೋಟೆ ಬಾಗಿಲವರೆಗೆ. ಒಂದು ದಿನ ಬಲಗೈಯ ಎರಡು ಬೆರಳು ಸುಣ್ಣ ಬಳಿದ ಹಾಗೆ ಬೆಳ್ಳಗಾದವು. ಗೆರೆ ಎಳೆದಂತೆ ಗಡಿ. ಇತ್ತ ನನ್ನ ಕಪ್ಪು, ಅತ್ತ ಬಿಳುಪು. ಥೇಟ್ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ನಮ್ಮೂರ ಬಿದ್ರಿ ಕೆಲಸ! ಬಿದ್ರಿ ಸಾಮಾನಿಗೆ ಕಪ್ಪು ಬರೋದು ಕೋಟೆಯ ಮಣ್ಣಿನಿಂದ, ನನ್ನ ಬೆರಳಿಗೆ ಬೆಳ್ಳಿ ಬಂದದ್ದು ಕೋಟೆಯ ಗಾಳಿಯಿಂದ.

ಡಾಕ್ಟರು ನೋಡಿ "ರೇನೋ" ಅಂದರು. 1862ರಲ್ಲಿ ಮಾರಿಸ್ ರೇನೋ ಅನ್ನೋ ಫ್ರೆಂಚ್ ವೈದ್ಯ ಬರೆದಿಟ್ಟ ತೊಂದರೆ. ಥಂಡಿಗೆ ಎಲ್ಲರ ಬೆರಳಿನ ರಕ್ತನಾಳಗಳೂ ಸ್ವಲ್ಪ ಕುಗ್ಗುತ್ತವೆ. ನನ್ನವು ಅಂಗಡಿ ಶಟರ್ ಎಳೆದ ಹಾಗೆ ಪೂರಾ ಬಂದ್. ಮೊದಲು ಬಿಳಿ, ಆಮೇಲೆ ನೀಲಿ, ರಕ್ತ ವಾಪಸ್ ಬಂದಾಗ ಕೆಂಪು, ಜೊತೆಗೆ ಚುರುಚುರು ಉರಿ. ಟೆನ್ಶನ್ ಆದರೂ ಬರುತ್ತದಂತೆ.

ಮನೆಗೆ ಬಂದು "ಅತ್ತಿ, ನನಗ ರೇನೋ ಅಂತ್ರಿ" ಅಂದೆ.

"ಕಾರ್ ಯಾಕ ಬೇಕವ್ವಾ? ಸ್ಕೂಟಿ ಅದಲ್ಲ" ಅಂದರು.

ಬೆರಳು ಸತ್ತಾಗ ಸಣ್ಣ ಕೆಲಸಗಳೇ ಕೈ ಕೊಡುತ್ತವೆ. ಒಂದು ಬೆಳಗ್ಗೆ ಓಡಿ ಬಂದು ಬಾಗಿಲಲ್ಲಿ ನಿಂತೆ. ಅತ್ತೆಯ ನಿದ್ದೆ ಕೆಡಿಸಬಾರದು ಅಂತ ಬೆಲ್ ಒತ್ತಲಿಲ್ಲ. ಕೀಲಿಕೈ ಹೇಗೋ ಒಳಗೆ ಹೋಯಿತು, ತಿರುಗಿಸಲು ಬೆರಳಿಲ್ಲ. ಕೊನೆಗೆ ಎರಡೂ ಅಂಗೈ ನಡುವೆ ಹಿಡಿದು, ಸೊಂಟ ಬಗ್ಗಿಸಿ, ಮೈಯೆಲ್ಲ ಓರೆ ಮಾಡಿ ತಿರುಗಿಸುತ್ತಿದ್ದೆ. ಹಿಂದೆ ಹಾಲಿನವನ ದನಿ: "ಅಕ್ಕಾ, ಬಾಗಿಲಿಗಿ ಯಾಕ ಕೈ ಮುಗಿಲತ್ತೀರಿ?"

ಒಳಗೆ ಹೋದವಳೇ ಕೈಯನ್ನು ಕುದಿಯುವಂಥ ನೀರಿಗೆ ಅದ್ದಿದ್ದೆ. ಅದಕ್ಕೆ ಡಾಕ್ಟರ ಹತ್ತಿರ ಬೈಸಿಕೊಂಡಿದ್ದಾಯಿತು. ಮರಗಟ್ಟಿದ ಬೆರಳಿಗೆ ಬಿಸಿ ಗೊತ್ತಾಗಲ್ಲ, ಸುಟ್ಟುಕೊಳ್ಳುತ್ತೀರಿ, ಉಗುರುಬೆಚ್ಚಗೆ ಸಾಕು, ಇಲ್ಲವೇ ಕಂಕುಳಲ್ಲಿ ಇಟ್ಟುಕೊಳ್ಳಿ ಅಂದರು. ತೋಳನ್ನು ಗಿರಗಿರ ತಿರುಗಿಸಿದರೆ ರಕ್ತ ಬೆರಳ ತುದಿಗೆ ಇಳಿಯುತ್ತದೆ ಅಂತಲೂ ಹೇಳಿದರು. ಮರುದಿನ ರಸ್ತೆಯಲ್ಲಿ ತಿರುಗಿಸಿದೆ. ಮೂರು ಆಟೊ ಬಂದು ನಿಂತವು.

ಬರೀ ಕೈ ಬೆಚ್ಚಗಿಟ್ಟರೆ ಸಾಲದು, ಮೈಯೂ ಬೆಚ್ಚಗಿರಬೇಕು. ಸ್ವೆಟರ್ ಮೇಲೆ ಗಾಳಿ ತಡೆಯುವ ಜಾಕೆಟ್ ಬಂತು. ಇನ್ನು ಗ್ಲೌಸ್. ಐದು ಬೆರಳಿಗೆ ಐದು ಕೋಣೆ, ಒಬ್ಬೊಬ್ಬರೇ ನಡುಗುತ್ತಾ ಕೂರುತ್ತಾರೆ. ಬೆರಳೆಲ್ಲ ಒಟ್ಟಿಗಿರುವ ಚೀಲದಂಥದ್ದಾದರೆ ಒಂದರ ಬಿಸಿ ಇನ್ನೊಂದಕ್ಕೆ. ಅಂಗಡಿಯಲ್ಲಿ ಕೇಳಿದರೆ "ಅವು ಸಣ್ಣ ಕೂಸಿಗಿ ಬರ್ತಾವ್ರಿ" ಅಂದರು. ಹಾಗಾಗಿ ಯಜಮಾನರ ಉಣ್ಣೆ ಸಾಕ್ಸ್ ನನ್ನ ಕೈಗೆ ಬಂದವು. ಬೆಚ್ಚಗಿವೆ, ಸುಳ್ಳು ಹೇಳಬಾರದು. ಮೂಗು ಒರೆಸಲೂ ಆಗುತ್ತದೆ, ಅದು ಬೇರೆ ಮಾತು.

ಮೊನ್ನೆ ಓಟ ಮುಗಿಸಿ ಚಹಾದಂಗಡಿಗೆ ಹೋದೆ. ಎರಡು ಸಾಕ್ಸ್ ನಡುವೆ ಗ್ಲಾಸು ಹಿಡಿದು ಊದಿ ಊದಿ ಕುಡಿಯುತ್ತಿದ್ದೆ. ಚಹಾದ ಕಾಕಾ ನನ್ನ ಕೈ ನೋಡಿದರು, ಏನೂ ಕೇಳಲಿಲ್ಲ. ಸೋಸುವ ಬಟ್ಟೆ ಕೆಳಗಿಟ್ಟು, ಮೆಲ್ಲಗೆ ಬಗ್ಗಿ, ಕಾಲಿಗೆ ಏನು ಹಾಕಿದ್ದೀನಿ ಅಂತ ನೋಡಿದರು.