ಟಾರ್ಪಾಲ್ ಸ್ಮಾರಕ

ನಮ್ಮ ಬಡಾವಣೆ ಪಾರ್ಕಿನ ಯೋಧರ ಸ್ಮಾರಕ ನಿಮಗೆಲ್ಲ ಗೊತ್ತಿರೋದೇ, ನೀಲಿ ಟಾರ್ಪಾಲ್ ಹೊದ್ಕೊಂಡು ಕೊಪ್ಪೆ ಹಾಕ್ಕೊಂಡ ಅಜ್ಜಿ ಥರ ನಿಂತಿದೆಯಲ್ಲ, ಅದೇ. ಉದ್ಘಾಟನೆ ಜುಲೈ 26ಕ್ಕೆ ಅಂತ ಫಿಕ್ಸ್ ಆಗಿತ್ತು, ಕಾರ್ಗಿಲ್ ವಿಜಯದ ದಿನ. ಬರಬೇಕಾದ ದೊಡ್ಡೋರಿಗೆ ಪುಷ್ಯ ಮಳೇಲಿ ಶಿವಮೊಗ್ಗಕ್ಕೆ ಬರಕ್ಕಾಗ್ಲಿಲ್ಲ, ಪಾಪ, ಶೀತ ಆದ್ರೆ? ಆಗಸ್ಟ್ 15ಕ್ಕೆ ಅವರಿಗೆ ಬೇರೆ ಕಡೆ ಬಾವುಟ ಇತ್ತು. ರಾಜ್ಯೋತ್ಸವ ಅಂದ್ರು, ಅದೂ ಹೋಯ್ತು. ಈಗ ಡಿಸೆಂಬರ್ 16 ಅಂತಿದಾರೆ, 1971ರ ವಿಜಯ ದಿವಸ. ಅದೂ ತಪ್ಪಿದ್ರೆ ಜನವರಿ 14 ಇದ್ದೇ ಇದೆ, ಜನರಲ್ ಕಾರಿಯಪ್ಪನವರು 1953ರಲ್ಲಿ ನಿವೃತ್ತರಾದ ದಿನ, ಮಾಜಿ ಸೈನಿಕರ ದಿನ ಅಂತ ಆಚರಿಸ್ತಾರೆ. ನಮ್ ಸೈನಿಕರ ಪುಣ್ಯದಿಂದ ಕ್ಯಾಲೆಂಡರಲ್ಲಿ ಡೇಟಿಗೇನೂ ಬರ ಇಲ್ಲ.

ನಾನು ಒಂದಿನ ಟಾರ್ಪಾಲ್ ಎತ್ತಿ ಒಳಗೆ ಇಣುಕಿದೀನಿ. ತಲೆಕೆಳಗಾಗಿ ನಿಲ್ಲಿಸಿದ ಬಂದೂಕು, ಮೇಲೊಂದು ಹೆಲ್ಮೆಟ್ಟು, ಎರಡಕ್ಕೂ ದಪ್ಪಗೆ ಪಾಚಿ. ಕಾಡಲ್ಲಿಟ್ರೆ ಶತ್ರುಗೆ ಕಾಣಲ್ಲ, ಗ್ಯಾರಂಟಿ. ಕೆಳಗೆ ಕಪ್ಪು ಗ್ರಾನೈಟ್ ಫಲಕ. ಉದ್ಘಾಟಕರು, ಅಧ್ಯಕ್ಷತೆ, ಘನ ಉಪಸ್ಥಿತಿ, ದಿವ್ಯ ಸಾನ್ನಿಧ್ಯ, ವಿಶೇಷ ಆಹ್ವಾನಿತರು, ಗುತ್ತಿಗೆದಾರರು, ಎಣಿಸಿದೆ, 19 ಹೆಸರು. ಯೋಧರದ್ದು? ಕೊನೇಲಿ ಸಣ್ಣಕ್ಷರದಲ್ಲಿ 'ವೀರ ಯೋಧರಿಗೆ ನಮನ'. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ 25 ಸಾವಿರಕ್ಕೂ ಹೆಚ್ಚು ಹೆಸರು ಕೆತ್ತಿದಾರೆ ಮಾರಾಯ್ರೆ, ನಮ್ಮೋರಿಗೆ ಒಂದಕ್ಕೂ ಜಾಗ ಸಾಲ್ಲಿಲ್ಲ.

ಕಲ್ಲು ನಿಲ್ಸೋದು ನಮ್ ಕಡೆಯೋರಿಗೆ ಹೊಸದಲ್ಲ ಕಣ್ರಿ. ಶಿವಪ್ಪನಾಯಕನ ಅರಮನೆ ಅಂಗಳಕ್ಕೆ ಹೋಗಿ ನೋಡಿ, ವೀರಗಲ್ಲುಗಳು ಸಾಲಾಗಿ ನಿಂತಿವೆ. ಕೆಳಗೆ ಬಡಿದಾಟ, ನಡುವೆ ಅಪ್ಸರೆಯರು ಸತ್ತ ವೀರನನ್ನ ಎತ್ಕೊಂಡು ಹೋಗ್ತಿರೋದು, ಮೇಲೆ ಕೈಲಾಸ. ಎಷ್ಟೋ ಕಲ್ಲು ದನ ಹೊಡ್ಕೊಂಡು ಹೋಗೋಕೆ ಬಂದೋರ ಜೊತೆ ಹೊಡೆದಾಡಿ ಸತ್ತೋರದ್ದು, ಊರಿನ ತುರು ಉಳಿಸಿದೋರು. ಹಾಂ, ಅಲ್ಲೂ ಶಾಸನ ಶುರುವಾಗೋದು ರಾಜನ ಬಿರುದಾವಳಿಯಿಂದಲೇ, ಅವನು ಪೃಥ್ವೀರಾಜ್ಯಂಗೆಯ್ಯುತ್ತಿರೆ, ಅಂದ್ರೆ ಭೂಮಿ ಆಳ್ತಿರುವಾಗ ಅಂತ. ಪ್ರೋಟೋಕಾಲ್ ಇವತ್ತಿನದಲ್ಲ. ಆದ್ರೆ ರಾಜನ ಹೊಗಳಿ ಮುಗಿಸಿದ್ಮೇಲೆ ಸತ್ತೋನು ಯಾರು, ಯಾಕೆ ಸತ್ತ ಅಂತಾನೂ ಬರೀತಿದ್ರು. ಗುತ್ತಿಗೆದಾರನ ಹೆಸರು ಮಾತ್ರ ನನಗೆ ಯಾವ ಕಲ್ಲಲ್ಲೂ ಸಿಕ್ಕಿಲ್ಲ.

ಇನ್ನು ಅಮರ ಜ್ಯೋತಿ. ಎಲ್‌ಇಡಿ ಬಲ್ಬು, ಬೆಂಕಿ ಥರ ಮಿಣಮಿಣ ಅನ್ನುತ್ತೆ, ಟ್ರಯಲ್ಲಿಗೆ ಅಂತ ಹಾಕಿದ್ರು. ಸ್ವಿಚ್ಚು ವಾಚ್‌ಮನ್ ರೂಮಲ್ಲಿದೆ. ಕರೆಂಟ್ ಹೋದ್ರೆ ಅಮರತ್ವಾನೂ ಹೋಗುತ್ತೆ.

ಸೈನಿಕರ ಮೇಲೆ ನಮ್ಮೋರಿಗೆ ಪ್ರೀತಿ ಇಲ್ಲ ಅಂತ ಮಾತ್ರ ಹೇಳಬೇಡಿ. ನಮ್ ಬೀದಿಯ ಮಿಲ್ಟ್ರಿ ಮಾವನ್ನ ನೋಡಿದ್ರೆ ಎಲ್ಲರೂ ಎದ್ದು ನಿಲ್ತಾರೆ, ಅದರಲ್ಲೂ ಅವರು ಮಿಲ್ಟ್ರಿ ಕ್ಯಾಂಟೀನಿಗೆ ಹೋಗಿ ಬಂದ ದಿನ. ಆ ರಮ್ಮಿನ ಕೋಟಾ ಇಲ್ದಿದ್ರೆ ನಮ್ ಅರ್ಧ ದೇಶಭಕ್ತಿ ಯಾವತ್ತೋ ಒಣಗಿಹೋಗ್ತಿತ್ತು.

ಮಾವ ರಿಟೈರ್ ಆಗಿ ಬಂದ್ಮೇಲೆ ಜಮೀನಿಗೆ ಅರ್ಜಿ ಹಾಕಿದ್ರು. ಮಾಜಿ ಸೈನಿಕರಿಗೆ ಮೀಸಲು ಇದೆ, 1969ರ ಭೂ ಮಂಜೂರಾತಿ ನಿಯಮದಲ್ಲೇ ಇದೆ. ಮೊದಲು ಒಂದು ಕಾಗದ ಕಮ್ಮಿ ಅಂದ್ರು, ಆಮೇಲೆ ಫೈಲೇ ಸಿಗ್ತಿಲ್ಲ ಅಂದ್ರು, ಸಿಕ್ಕಿದ್ಮೇಲೆ ಆ ಜಾಗ ಅರಣ್ಯ ಅಂದ್ರು. ಹನಿಮೂನಿಗೆ ಬರೋರಿಗೆ ಗುಡ್ಡ ಕಡಿದು ರೆಸಾರ್ಟ್ ಮಾಡುವಾಗ ಎಲ್ಲಿರುತ್ತೆ ಇವರ ಅರಣ್ಯ? ಇದರಲ್ಲಿ ತಮಾಷೆ ಮಾಡೋಕೆ ನನಗೇನೂ ಸಿಗ್ತಿಲ್ಲ. ಎಪ್ಪತ್ತು ದಾಟಿದೋರು, ಮೊಣಕಾಲು ನೋವು, ಈಗ್ಲೂ ರಾತ್ರಿ ಎಟಿಎಂ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಕಾವಲು ಕೂರ್ತಾರೆ. ನಾಚಿಕೆ ಆಗಬೇಕು.

ಮೊನ್ನೆ ಸಮಿತಿಯೋರು ಅವರ ಮನೆಗೆ ಹೋಗಿ, ಮೆಡಲ್ ಎಲ್ಲ ಹಾಕ್ಕೊಂಡು ಬನ್ನಿ, ಮೂರನೇ ಸಾಲಲ್ಲಿ ಕುರ್ಚಿ ಇಟ್ಟಿರ್ತೀವಿ ಅಂದ್ರಂತೆ. ಸಂಜೆ ನಾನು ಸಿಕ್ಕಾಗ ಮಾವ ಒಂದೇ ಒಂದು ವಿಚಾರಿಸಿದ್ರು.

'ಉದ್ಘಾಟನೆ ಆದ್ಮೇಲೆ ಆ ಟಾರ್ಪಾಲ್ ಎಂತ ಮಾಡ್ತಾರೆ ಮಾರಾಯ? ಊರಲ್ಲಿ ಸೌದೆ ಮುಚ್ಚೋಕೆ ಬೇಕಿತ್ತು.'