ಹೆಸರಿಲ್ಲದೆ ಬಂದ ಚಂಡಮಾರುತ

ರಾತ್ರಿ ನಿದ್ದೆ ಬಾರದಿದ್ದರೆ ಹಳೆಯ ಚಂಡಮಾರುತಗಳ ಫೋಟೊ ನೋಡುತ್ತಾ ಕೂರುವ ಚಾಳಿ ನನ್ನದು. ಅದರಲ್ಲಿ ಒಂದು ಫೋಟೊ ಬಂದರೆ ಬೆರಳು ಮುಂದಕ್ಕೆ ಹೋಗುವುದೇ ಇಲ್ಲ. 2004ರ ಮಾರ್ಚ್ 26ರಂದು ಅಂತರಿಕ್ಷ ನಿಲ್ದಾಣದಿಂದ ತೆಗೆದದ್ದು. ಬ್ರೆಜಿಲ್ ಪಕ್ಕದ ಕಡಲಿನ ಮೇಲೆ ಬಿಳಿ ಸುರುಳಿ, ನಡುವೆ ಬೀಸುವ ಕಲ್ಲಿನ ಬಾಯಿಯಂಥ ಗುಂಡನೆಯ ಕಣ್ಣು. ನಮ್ಮ ಕಡೆಯ ಚಂಡಮಾರುತಗಳು ಅಪ್ರದಕ್ಷಿಣೆ ಹಾಕುತ್ತವೆ. ಇದು ಸಮಭಾಜಕದ ಕೆಳಗಿನದು, ಹಾಗಾಗಿ ದೇವಸ್ಥಾನದ ಸುತ್ತ ಬರುವ ಹಾಗೆ ಪ್ರದಕ್ಷಿಣೆ.

ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಇಂಥದ್ದು ಹುಟ್ಟುವುದೇ ಇಲ್ಲ ಅಂತಲೇ ಅಲ್ಲಿಯವರೆಗೆ ಹೆಚ್ಚಿನವರು ನಂಬಿದ್ದರು. ನಂಬಿಕೆಗೆ ಕಾರಣವೂ ಇತ್ತು. ಅಲ್ಲಿ ನೀರು ಸಾಕಷ್ಟು ಬೆಚ್ಚಗಿರಲ್ಲ. ಮೇಲಿನ ಗಾಳಿ ಒಂದು ಕಡೆ, ಕೆಳಗಿನ ಗಾಳಿ ಇನ್ನೊಂದು ಕಡೆ ಎಳೆದು ಸುರುಳಿಯನ್ನು ಹರಿದುಹಾಕುತ್ತದೆ. ಆದರೆ ಆ ವಾರ ಮೇಲಿನ ಗಾಳಿ ಸುಮ್ಮನೆ ಕೂತಿತ್ತು. ಬಿಸಿಗಾಳಿ ತಂಡಿಗಾಳಿಗಳ ತಿಕ್ಕಾಟದಿಂದ ಹುಟ್ಟಿದ ಮಾಮೂಲಿ ವಾಯುಭಾರ ಕುಸಿತವೊಂದು ಅಲ್ಲೇ ಬೀಡುಬಿಟ್ಟು, ಕಡಲಿನ ಶಾಖವನ್ನೂ ಹೀರತೊಡಗಿತು. ಎರಡೂ ಕಡೆ ಉಣ್ಣುವ ಈ ಎಡಬಿಡಂಗಿ ಸ್ಥಿತಿಗೇ ಉಪೋಷ್ಣವಲಯದ ಚಂಡಮಾರುತ ಅನ್ನುವುದು. ಇದು ಅಲ್ಲಿಗೂ ನಿಲ್ಲಲಿಲ್ಲ. ಪೂರ್ತಿ ಹರಿಕೇನ್ (ಅಟ್ಲಾಂಟಿಕ್ ಕಡೆ ಬಲವಾದ ಚಂಡಮಾರುತಕ್ಕೆ ಅನ್ನುವ ಹೆಸರು) ಆಗಿಬಿಟ್ಟಿತು.

ಆಮೇಲೆ ಶುರುವಾಯಿತು ನೋಡಿ ಜಗಳ. ಅಮೆರಿಕದ ತಜ್ಞರು ಇದು ಹರಿಕೇನ್ ಅಂದರು. ಬ್ರೆಜಿಲ್‌ನ ಹಲವು ತಜ್ಞರು ಒಪ್ಪಲಿಲ್ಲ. ಮಾರ್ಚ್ 28ರಂದು ಅದು ಸಾಂಟಾ ಕಟರೀನಾ ರಾಜ್ಯದ ದಕ್ಷಿಣದ ಊರುಗಳಿಗೆ ಅಪ್ಪಳಿಸಿತು. ಸಾವಿರಾರು ಮನೆಗಳ ಹೆಂಚು ಹಾರಿತು. ಬಾಳೆ, ಭತ್ತ ನೆಲಕಚ್ಚಿದವು. ಆ ರಾಜ್ಯದ ಹೆಸರಿನಿಂದಲೇ ಜನ ಅದನ್ನು 'ಕಟರೀನಾ' ಅಂದರು. ಮರುವರ್ಷ ನ್ಯೂ ಆರ್ಲಿಯನ್ಸ್ ಮುಳುಗಿಸಿದ ಕತ್ರೀನಾ ಬೇರೆ, ಇದು ಬೇರೆ. ಇವತ್ತಿಗೂ ಜನ ಎರಡನ್ನೂ ಕಲಸಿಬಿಡುತ್ತಾರೆ.

ಹೆಸರಲ್ಲೇನಿದೆ ಬಿಡಿ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸಲ್ಲ. 'ಜೋರು ಗಾಳಿ ಮಳೆ' ಅಂದರೆ ಜನ ಒಣಗಿದ ಬಟ್ಟೆ ಎತ್ತಿಟ್ಟು ಮಲಗುತ್ತಾರೆ. 'ಚಂಡಮಾರುತ' ಅಂದರೆ ಮಕ್ಕಳನ್ನು ಕರೆದುಕೊಂಡು ಗಟ್ಟಿ ಕಟ್ಟಡ ಹುಡುಕುತ್ತಾರೆ. ತಜ್ಞರಿಗೆ ಅದು ವ್ಯಾಖ್ಯಾನದ ಪ್ರಶ್ನೆ ಇರಬಹುದು, ಹೆಂಚಿನ ಮನೆಯವರಿಗೆ ಅಲ್ಲ, ಅಲ್ವಾ? ನಮ್ಮ ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿಗಳಲ್ಲಿ ಹೆಸರಿಡುವ ಪದ್ಧತಿ ಶುರುವಾದದ್ದೂ ಅದೇ 2004ರಲ್ಲಿ. ಮೊದಲ ಹೆಸರು ಒನಿಲ್. 2021ರಲ್ಲಿ ನಮ್ಮ ಕರಾವಳಿಯವರು 'ತೌಕ್ತೆ' ಅನ್ನಲು ತಡವರಿಸಿದರು ನಿಜ. ಆದರೆ ಯಾವುದರ ಬಗ್ಗೆ ಮಾತಾಡುತ್ತಿದ್ದೇವೆ ಅಂತ ಎಲ್ಲರಿಗೂ ಗೊತ್ತಿತ್ತು.

ಬ್ರೆಜಿಲ್ ಕೂಡ ಕಲಿಯಿತು. 2011ರಲ್ಲಿ ಅಲ್ಲಿನ ನೌಕಾಪಡೆ ಇಂಥ ಒಂದು ಚಂಡಮಾರುತಕ್ಕೆ 'ಅರಾನಿ' ಅಂತ ಹೆಸರಿಟ್ಟಿತು. ಆಮೇಲೆ ಬಾಪೊ, ಕಾರಿ, ಇಬಾ, 2022ರಲ್ಲಿ ಯಾಕೆಕಾನ್, 2024ರಲ್ಲಿ ಅಕಾರಾ. ಪಟ್ಟಿಯಲ್ಲಿ ಅಲ್ಲಿನ ಮೂಲನಿವಾಸಿಗಳ ನುಡಿಯ ಹೆಸರುಗಳೇ. ಅದು ನನಗೆ ತುಂಬಾ ಹಿಡಿಸಿತು.

ದಕ್ಷಿಣ ಅಮೆರಿಕ ಖಂಡದ ಇನ್ನೊಂದು ಬದಿಯ ಕಥೆ ಬೇರೆ. 2015ರ ಮೇ ತಿಂಗಳಲ್ಲಿ, ಪೆಸಿಫಿಕ್ ನೀರು ಮಾಮೂಲಿಗಿಂತ ಬಿಸಿಯಾಗುವ ಎಲ್ ನಿನೊ ಬಲಿಯುತ್ತಿದ್ದ ಹೊತ್ತಿನಲ್ಲಿ, ಆಗ್ನೇಯ ಪೆಸಿಫಿಕ್‌ನ ಈಸ್ಟರ್ ದ್ವೀಪದ ಹತ್ತಿರ ಇಂಥದ್ದೇ ಒಂದು ಎಡಬಿಡಂಗಿ ಹುಟ್ಟಿತು. ಸಂಶೋಧಕರು ತಮ್ಮತಮ್ಮಲ್ಲೇ ಅದನ್ನು 'ಕೇಟಿ' ಅಂತ ಕರೆದುಕೊಂಡರು. ಯಾವ ಅಧಿಕೃತ ಪಟ್ಟಿಯಲ್ಲೂ ಆ ಹೆಸರಿಲ್ಲ.