ಹೆಸರಿಲ್ಲದ ಭರಣಿಗೆ ರುಚಿಯೆಲ್ಲಿ?

ಶಿವಮೊಗ್ಗದ ಸಭಾಭವನವೊಂದರಲ್ಲಿ ಮೊನ್ನೆ ನಡೆದ ಅಪ್ಪೆಮಿಡಿ (ಮಲೆನಾಡಿನ ಪರಿಮಳದ ಮಾವಿನ ಮಿಡಿ) ಉಪ್ಪಿನಕಾಯಿ ಸ್ಪರ್ಧೆಯಲ್ಲಿ 36 ಭರಣಿಗಳಿದ್ದವು, ಮೂವರು ತೀರ್ಪುಗಾರರಿದ್ದರು, ತೀರ್ಪುಗಾರರಿಗೆ ಮೊದಲೇ ತಿಳಿಯದ ಸಂಗತಿ ಮಾತ್ರ ಒಂದೂ ಇರಲಿಲ್ಲ. ಪ್ರತಿ ಭರಣಿಯ ಮೇಲೂ ಹಾಕಿದವರ ಹೆಸರು, ಊರು, ಕೆಲವುಗಳ ಮೇಲೆ ಯಜಮಾನರ ಹುದ್ದೆ ಸಹಿತ ದುಂಡಗಿನ ಅಕ್ಷರಗಳಲ್ಲಿ ಬರೆದಿತ್ತು.

ಸ್ಪರ್ಧೆ ವೈಜ್ಞಾನಿಕವಾಗಿರಬೇಕೆಂಬ ಹುಮ್ಮಸ್ಸಿನಲ್ಲಿ ಸಮಿತಿಯವರು ಆಹಾರ ವಿಜ್ಞಾನಿಯೊಬ್ಬರನ್ನು ವಾರದ ಮೊದಲೇ ಕರೆಸಿದ್ದರು. ಕಣ್ಣು, ಮೂಗು, ನಾಲಿಗೆಗಳಿಂದ ಆಹಾರದ ಗುಣಮಟ್ಟ ಅಳೆಯುವುದು ಹೇಗೆಂಬುದೇ ಆಕೆಯ ಸಂಶೋಧನೆಯ ವಿಷಯ. ತೀರ್ಥಹಳ್ಳಿ ಕಡೆಯವರಾದ್ದರಿಂದ, ಮಿಡಿಯನ್ನು ತೊಟ್ಟಿನ ಸಮೇತ ಕೊಯ್ಯದಿದ್ದರೆ ಸೊನೆ ಸೋರಿ ಪರಿಮಳ ಹೋಗುತ್ತದೆಂಬುದನ್ನು ಆಕೆ ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ಭರಣಿಗಳಿಗೆ ಹೆಸರಿನ ಬದಲು ಕ್ರಮವಿಲ್ಲದ ಮೂರಂಕಿಯ ಸಂಕೇತ ಅಂಟಿಸಬೇಕು, ಏಕೆಂದರೆ 1 ಎಂದು ಬರೆದರೆ ಅದೇ ಮೊದಲನೆಯದೆಂಬ ಭ್ರಮೆ ಹುಟ್ಟುತ್ತದೆ. ಒಬ್ಬೊಬ್ಬ ತೀರ್ಪುಗಾರರಿಗೆ ಬೇರೆ ಬೇರೆ ಅನುಕ್ರಮದಲ್ಲಿ ಕೊಡಬೇಕು. ಬಣ್ಣಕ್ಕೆ ಮರುಳಾಗದಂತೆ ಕೆಂಪು ಬೆಳಕಿನಲ್ಲಿ, ಒಬ್ಬರ ಮುಖ ಒಬ್ಬರಿಗೆ ಕಾಣದಂತೆ ಕೂರಿಸಬೇಕು. ಉಗುಳಲು ಲೋಟ ಇಡಬೇಕು ಎಂದು ಆಕೆ ಹೇಳಿದರು. ಇದರಲ್ಲಿ ಹೊಸತೇನೂ ಇಲ್ಲ, ಇಂಥ ಪರೀಕ್ಷೆಗೆ ಭಾರತೀಯ ಮಾನಕವೇ 1971ರಲ್ಲಿ ಬಂದಿದೆ.

ಸಮಿತಿ ಎರಡು ಸುತ್ತು ಕಾಫಿ ಕುಡಿದು ಚರ್ಚಿಸಿತು. ಕೊನೆಗೆ ಅಧ್ಯಕ್ಷರು ಕಳವಳದಿಂದ, "ಹೆಸರೇ ಇಲ್ಲದಿದ್ದರೆ ಯಾವುದು ಚೆನ್ನಾಗಿದೆಯೆಂದು ತೀರ್ಪುಗಾರರಿಗೆ ಗೊತ್ತಾಗುವುದಾದರೂ ಹೇಗೆ ಮೇಡಂ?" ಎಂದು ಕೇಳಿದರು. ಮೇಡಂ ಬಳಿ ಉತ್ತರವಿರಲಿಲ್ಲ.

ಹಾಗೆಂದು ಸಲಹೆಗಳೆಲ್ಲ ವ್ಯರ್ಥವಾದವು ಎನ್ನುವಂತಿಲ್ಲ. ಕೆಂಪು ಬಲ್ಬನ್ನು ತಂದು ವೇದಿಕೆಯ ಮೇಲೆ, ಪ್ರಾಯೋಜಕರ ಬ್ಯಾನರಿನ ನೆತ್ತಿಗೆ ತೂಗುಹಾಕಲಾಯಿತು. ಉಗುಳುವ ಲೋಟ ಇನ್ನೂ ಹೆಚ್ಚು ಉಪಯೋಗಕ್ಕೆ ಬಂತು: ತೀರ್ಪುಗಾರರಲ್ಲಿ ಹಿರಿಯರು ಬಾಯಲ್ಲಿದ್ದ ಎಲೆಯಡಿಕೆಯ ಕವಳವನ್ನು ಅದರಲ್ಲಿ ಉಗುಳಿ, ಬಾಯಿ ಮುಕ್ಕಳಿಸದೆಯೇ ಮೊದಲ ಮಿಡಿಯನ್ನು ಕಚ್ಚಿದರು.

ಒಂಬತ್ತು ಮೆಟ್ಟಿಲಿನ ಅಂಕಪಟ್ಟಿಯೂ ಬಂತು. 1940ರ ದಶಕದ ಕೊನೆಯಲ್ಲಿ ಶಿಕಾಗೊದಲ್ಲಿ ಡೇವಿಡ್ ಪೆರ್ಯಾಮ್ ಮತ್ತು ಸಂಗಡಿಗರು ಅಮೆರಿಕದ ಸೈನಿಕರ ಊಟಕ್ಕಾಗಿ ರೂಪಿಸಿದ ಅಳತೆಗೋಲು ಅದು. ಮೇಲೆ ನಾಲ್ಕು ಮೆಟ್ಟಿಲು ಇಷ್ಟಕ್ಕೆ, ಕೆಳಗೆ ನಾಲ್ಕು ಅನಿಷ್ಟಕ್ಕೆ, ನಡುವಿನದೊಂದು ಎರಡೂ ಅಲ್ಲದ್ದಕ್ಕೆ. ಅಲ್ಲಿ ಗುರುತು ಹಾಕುತ್ತಿದ್ದವರು ಉಣ್ಣುವ ಸೈನಿಕರು, ದಂಡನಾಯಕರಲ್ಲ. ನಮ್ಮಲ್ಲಿ ಅದನ್ನು ಸರಿಪಡಿಸಲಾಗಿತ್ತು. ಅಷ್ಟೇ ಅಲ್ಲ, ಗಣ್ಯರ ಮನೆಯ ಭರಣಿಗಳೂ ಇರುವುದರಿಂದ ಅನಿಷ್ಟದ ನಾಲ್ಕು ಮೆಟ್ಟಿಲುಗಳು ಸೌಜನ್ಯಕ್ಕೆ ಒಗ್ಗುವುದಿಲ್ಲವೆಂದು ಸಮಿತಿ ಅವುಗಳನ್ನು ಮುದ್ರಣದಲ್ಲೇ ಕೈಬಿಟ್ಟಿತ್ತು.

ಖಾರವೆಂಬುದು ನಿಜಕ್ಕೂ ರುಚಿಯಲ್ಲ. ಮೆಣಸಿನಲ್ಲಿರುವ ಕ್ಯಾಪ್ಸೈಸಿನ್, ಬಿಸಿಯನ್ನೂ ನೋವನ್ನೂ ಗುರುತಿಸುವ ನರಗಳನ್ನೇ ಕೆರಳಿಸುತ್ತದೆ. ನೀರಿಗೆ ಅದು ಜಗ್ಗುವುದಿಲ್ಲ, ಹಾಲು ಮೊಸರಿಗೆ ಒಂದಿಷ್ಟು ಜಗ್ಗುತ್ತದೆ. ಆದ್ದರಿಂದ ಒಂದು ಸಲಕ್ಕೆ ನಾಲ್ಕೈದು ಭರಣಿ ಸಾಕು, ನಡುವೆ ಬಿಡುವಿರಲಿ ಎಂದು ವಿಜ್ಞಾನಿ ಬೇಡಿಕೊಂಡಿದ್ದರು. ಆದರೆ ಮುಖ್ಯ ಅತಿಥಿಗಳಿಗೆ ಎರಡು ಗಂಟೆಗೆ ಭದ್ರಾವತಿಯಲ್ಲಿ ಇನ್ನೊಂದು ಉದ್ಘಾಟನೆಯಿತ್ತು. ಎಂಟನೆಯ ಭರಣಿಯ ಹೊತ್ತಿಗೆ ತೀರ್ಪುಗಾರರ ಕಣ್ಣಲ್ಲಿ ನೀರಿಳಿಯತೊಡಗಿ, ಜೀರಿಗೆ ಅಪ್ಪೆಗೂ ಕರ್ಪೂರದ ವಾಸನೆಯ ಮಿಡಿಗೂ ವ್ಯತ್ಯಾಸ ಉಳಿಯಲಿಲ್ಲ. ಇಪ್ಪತ್ತರ ನಂತರ ಅವರು ಮುಚ್ಚಳ ತೆಗೆಯುವುದನ್ನೂ ಬಿಟ್ಟು ಬರೀ ಚೀಟಿ ಓದಿ ಅಂಕ ಕೊಟ್ಟರು. ಓದುವುದರಿಂದ ನಾಲಿಗೆ ದಣಿಯುವುದಿಲ್ಲವಲ್ಲ.

ಇದೇ ಊರಿನ ಅಡಿಕೆ ಮಂಡಿಯಲ್ಲಿ ತೋಟದ ಯಜಮಾನರ ಮುಖ ನೋಡಿ ಕೆಳದರ್ಜೆಯ ಗೊರಬಲನ್ನು ಮೇಲ್ದರ್ಜೆಯ ಸರಕೆಂದು ಕೊಂಡವರನ್ನು ನಾನು ಕಂಡಿಲ್ಲ. ದುಡ್ಡಿನ ಬಾಬ್ತಿನಲ್ಲಿ ನಾವೆಲ್ಲರೂ ಹುಟ್ಟು ವಿಜ್ಞಾನಿಗಳು.

ಪ್ರಥಮ ಬಹುಮಾನ ಯಾರಿಗೆ ಬಂತೆಂದು ಹೇಳುವ ಅಗತ್ಯವಿಲ್ಲ, ಬ್ಯಾನರಿನಲ್ಲಿ ಆ ಮನೆತನದ ಹೆಸರು ಬೆಳಗಿನಿಂದಲೇ ಇತ್ತು. ಊಟಕ್ಕೆ ಮೊಸರನ್ನ ಬಂದಾಗ ಭರಣಿಗಳನ್ನೆಲ್ಲ ಬಡಿಸುವ ಮೇಜಿಗೆ ಸಾಗಿಸಿದರು. ಬಡಿಸುವ ಹುಡುಗರು, ಶಾಮಿಯಾನದವರು, ಕಾರು ಚಾಲಕರು ಯಾವ ಚೀಟಿಯನ್ನೂ ಓದದೆ ಮೂಸಿ ನೋಡಿ, ಮೂಲೆಯಲ್ಲಿದ್ದ, ಸಮಾಧಾನಕರ ಬಹುಮಾನವೂ ದೊರೆಯದ ಒಂದು ಜೀರಿಗೆ ಮಿಡಿಯ ಭರಣಿಗೆ ಮುಗಿಬಿದ್ದರು. ಅದರ ತಳದ ರಸವನ್ನು ಒಬ್ಬಾತ ಬೆರಳಿನಿಂದ ಬಳಿಯುತ್ತಿದ್ದ. ವಿಜ್ಞಾನಿ ಚೀಲದಿಂದ ಸಣ್ಣ ತಕ್ಕಡಿ ತೆಗೆದು, ಯಾವ ಭರಣಿಯಲ್ಲಿ ಎಷ್ಟು ಉಳಿದಿದೆಯೆಂದು ಒಂದೊಂದಾಗಿ ತೂಗಿ ಬರೆದುಕೊಳ್ಳುತ್ತಿದ್ದರು. ಪ್ರಥಮ ಬಹುಮಾನದ ಭರಣಿಯನ್ನು ಮಾತ್ರ ತೂಗಲಾಗಲಿಲ್ಲ. ಕಂಠಮಟ್ಟ ತುಂಬಿದ್ದಂತೆಯೇ ಅದು ಪ್ರಾಯೋಜಕರ ಕಾರಿನ ಹಿಂದಿನ ಸೀಟಿನಲ್ಲಿ ಮನೆಗೆ ಮರಳಿತ್ತು.